ಕೆಂಗೇರಿಯ ತಾರಸಿಯ ಮೇಲೆ ಕಾಯುವ ನೀರು

ಕೆಂಗೇರಿ ಉಪನಗರದ ಎತ್ತರವಾದ ಯಾವುದಾದರೊಂದು ಮನೆಯ ತಾರಸಿಯನ್ನೇರಿ ಸುತ್ತಲೂ ದೃಷ್ಟಿ ಹಾಯಿಸಿದರೆ, ನೀರಿನ ತೊಟ್ಟಿಗಳ ನಡುವೆ ಮತ್ತೊಂದು ಸಾಧನವು ಮನೆಮನೆಯ ಮೇಲೆಯೂ ಕಾಣುತ್ತದೆ. ಓರೆಯಾಗಿ ನಿಲ್ಲಿಸಿದ ಗಾಜಿನ ಪೆಟ್ಟಿಗೆ ಇಲ್ಲವೆ ಕಪ್ಪು ಕೊಳವೆಗಳ ಸಾಲು. ಅದರ ನೆತ್ತಿಯ ಮೇಲೆ ಅಡ್ಡಲಾಗಿ ಮಲಗಿದ ಪೀಪಾಯಿ. ಜನರು ಇದನ್ನು 'ಸೋಲಾರ್' ಎಂದಷ್ಟೇ ಕರೆಯುತ್ತಾರೆ. ನಿರ್ದಿಷ್ಟ ಅಳತೆಗೆ ಮೀರಿದ ಹೊಸ ಮನೆಗಳಿಗೆ ಇದು ಕಡ್ಡಾಯವೆಂದು ರಾಜ್ಯ ಸರ್ಕಾರವು 2007ರಲ್ಲಿ ಆಜ್ಞೆ ಹೊರಡಿಸಿತು. ಮುಗಿಯದ ಶಕ್ತಿಮೂಲಗಳೆಂದೊಡನೆ ನಮಗೆ 1902ರ ಶಿವನಸಮುದ್ರದ ಜಲವಿದ್ಯುತ್ತೋ ಪಾವಗಡದ ವಿಶಾಲವಾದ ಸೌರಸ್ಥಾವರವೋ ನೆನಪಾಗುತ್ತದೆ. ಆದರೆ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗೆ ಈ ಪಾಠವು ತನ್ನ ಬಚ್ಚಲುಮನೆಯಿಂದ ಆರಂಭವಾಗುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. 100 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 3,500 ಕಿಲೋಕ್ಯಾಲೊರಿ. ವಿದ್ಯುತ್ತಿನ ಒಂದು ಯೂನಿಟ್ ಸುಮಾರು 860 ಕಿಲೋಕ್ಯಾಲೊರಿಗೆ ಸಮ. ಆದುದರಿಂದ ಈ ನೀರಿಗೆ ನಾಲ್ಕು ಯೂನಿಟ್‌ಗಿಂತ ತುಸು ಹೆಚ್ಚು ಬೇಕಾಗುತ್ತದೆ. ಗೀಸರಿಗೆ ಬರುವ ಈ ನಾಲ್ಕು ಯೂನಿಟ್ ರಾಯಚೂರಿನಂತಹ ಶಾಖೋತ್ಪನ್ನ ಕೇಂದ್ರದಿಂದ ಬಂದುದಾದರೆ, ಅಲ್ಲಿ ಮೂರು ಕಿಲೋಗ್ರಾಮಿನಷ್ಟು ಕಲ್ಲಿದ್ದಲು ಉರಿದಿರಬೇಕು. ಅದೂ ಹೊರ ರಾಜ್ಯದ ಗಣಿಯಿಂದ ರೈಲಿನಲ್ಲಿ ಬಂದದ್ದು. ಅಲ್ಲಿ ಹುಟ್ಟಿದ ಶಾಖದ ಮೂರನೆಯ ಎರಡು ಪಾಲು ವಿದ್ಯುತ್ತಾಗದೆ ವ್ಯರ್ಥವಾಗುತ್ತದೆ. ಶಾಖವನ್ನು ವಿದ್ಯುತ್ತಾಗಿಸಿ, ತಂತಿಯಲ್ಲಿ ನೂರಾರು ಮೈಲಿ ಸಾಗಿಸಿ, ಮತ್ತೆ ಶಾಖವನ್ನಾಗಿಸುವುದು ಎಂತಹ ಸುತ್ತುಬಳಸಿನ ದಾರಿ! ಹಂಡೆಗೆ ಸೌದೆಯಿಡುತ್ತಿದ್ದ ನಮ್ಮ ಅಜ್ಜಿಯರು ಈ ವಿಷಯದಲ್ಲಿ ನೇರವಾದ ದಾರಿಯನ್ನೇ ಹಿಡಿದಿದ್ದರು.

ಬೆಂಗಳೂರಿನಲ್ಲಿ ಬಿಸಿಲಿರುವ ದಿನ ಒಂದು ಚದರ ಮೀಟರಿನ ಮೇಲೆ ಸುಮಾರು ಐದು ಯೂನಿಟ್‌ನಷ್ಟು ಸೂರ್ಯಶಕ್ತಿ ಬೀಳುತ್ತದೆ. ಎರಡು ಚದರ ಮೀಟರಿನ ಗಾಜಿನ ಪೆಟ್ಟಿಗೆಗೆ ಹತ್ತು ಯೂನಿಟ್. ಅದರಲ್ಲಿ ಅರ್ಧದಷ್ಟು ನೀರಿಗೆ ಸೇರಿದರೂ ಸ್ನಾನದ ನೀರು ಸಿದ್ಧ. ಅದೇ ಜಾಗದಲ್ಲಿ ವಿದ್ಯುತ್ ತಯಾರಿಸುವ ಸೌರಫಲಕವನ್ನಿಟ್ಟರೆ, ಬಿಸಿಲಿನ ಐದನೆಯ ಒಂದು ಪಾಲು, ಎಂದರೆ ಎರಡು ಯೂನಿಟ್ ಮಾತ್ರ ದೊರೆತೀತು. ದೀಪಕ್ಕೂ ಪಂಪಿಗೂ ವಿದ್ಯುತ್ತೇ ಬೇಕು; ನೀರು ಕಾಯಿಸಲು ಶಾಖವೇ ಸಾಕು.

ಗಾಜಿನ ಪೆಟ್ಟಿಗೆಯೊಳಗೆ ಕಪ್ಪು ಬಳಿದ ತಾಮ್ರದ ತಗಡೂ ಅದಕ್ಕೆ ಬೆಸೆದ ಸಣ್ಣ ಕೊಳವೆಗಳೂ ಇರುತ್ತವೆ. ಗಾಜು ಬೆಳಕನ್ನು ಒಳಕ್ಕೆ ಬಿಡುತ್ತದೆ. ಕಾದ ತಗಡು ಹೊರಸೂಸುವ ಶಾಖಕ್ಕೆ ಮಾತ್ರ ಅಷ್ಟು ಸುಲಭವಾಗಿ ದಾರಿಗೊಡುವುದಿಲ್ಲ. ಸ್ವಿಟ್ಸರ್ಲೆಂಡಿನ ಸೊಸ್ಯೂರ್ ಎಂಬ ವಿಜ್ಞಾನಿಯು 1767ರಲ್ಲಿಯೇ ಗಾಜು ಮುಚ್ಚಿದ ಪೆಟ್ಟಿಗೆಗಳಲ್ಲಿ ಇದನ್ನು ಪರೀಕ್ಷಿಸಿದ್ದನು. ಕಾದ ನೀರು ಹಿಗ್ಗಿ ಹಗುರವಾಗಿ ಮೇಲಣ ಪೀಪಾಯಿಗೆ ಏರುತ್ತದೆ. ಪೀಪಾಯಿಯ ತಳದ ತಣ್ಣೀರು ಅದರ ಸ್ಥಾನಕ್ಕೆ ಇಳಿಯುತ್ತದೆ. ಉಷ್ಣಸಂವಹನವೆಂದು ನಾವು ಓದುವುದು ಇದನ್ನೇ. ಪಂಪು ಬೇಡ, ಕಾವಲೂ ಬೇಡ. ಪೀಪಾಯಿಯನ್ನು ನೆತ್ತಿಯ ಮೇಲಿಟ್ಟಿರುವುದರ ಗುಟ್ಟು ಇಷ್ಟೇ: ರಾತ್ರಿ ಪೆಟ್ಟಿಗೆ ತಣ್ಣಗಾದರೂ ಹಗುರವಾದ ಬಿಸಿನೀರು ಕೆಳಗಿಳಿಯಲಾರದು.

ಬಿಸಿಲು ಹಗಲಿನಲ್ಲಿ, ಸ್ನಾನ ಮರುದಿನ ಬೆಳಿಗ್ಗೆ! ಅಮೆರಿಕದಲ್ಲಿ 1891ರಲ್ಲಿ ಕೆಂಪ್ ಎಂಬಾತನು ಮಾರಾಟಕ್ಕೆ ತಂದ ಸಾಧನದಲ್ಲಿ ತೊಟ್ಟಿಯೇ ಬಿಸಿಲಿನಲ್ಲಿರುತ್ತಿದ್ದುದರಿಂದ ನೀರು ಇರುಳಿನಲ್ಲಿ ಆರಿಹೋಗುತ್ತಿತ್ತು. 1909ರಲ್ಲಿ ಬೈಲಿ ಎಂಬಾತನು ಕಾಯುವ ಭಾಗವನ್ನೂ ಕೂಡಿಡುವ ಭಾಗವನ್ನೂ ಬೇರ್ಪಡಿಸಿ, ತೊಟ್ಟಿಗೆ ಶಾಖ ಬಿಡದ ದಪ್ಪ ಹೊದಿಕೆ ಹಾಕಿದನು. ಕೆಂಗೇರಿಯ ಪೀಪಾಯಿಗಳೂ ಹಾಗೆಯೇ ಹೊದಿಕೆ ಹೊದ್ದಿವೆ. ಮೋಡ ಕವಿದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಾತ್ರ ಹೊದಿಕೆಯಿಂದೇನೂ ಸಾಗದು, ಗೀಸರಿನ ಮೊರೆಹೋಗಲೇಬೇಕು. ಕೊಳವೆಬಾವಿಯ ಗಡಸುನೀರು ಬಳಸುವ ಮನೆಗಳಲ್ಲಿ ಸುಣ್ಣದಂತಹ ಪದರ ಕಟ್ಟಿ ಸಣ್ಣ ಕೊಳವೆಗಳು ಮುಚ್ಚಿಕೊಳ್ಳುವುದೂ ಉಂಟು.

ಇವೆಲ್ಲ ದಕ್ಷಿಣಕ್ಕೇಕೆ ಮುಖಮಾಡಿವೆ? ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ; ಆಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಬಿಸಿನೀರು ಹೆಚ್ಚು ಬೇಕಾದ ಡಿಸೆಂಬರಿನಲ್ಲಾದರೋ, ಆತನು ನೆತ್ತಿಯಿಂದ 36 ಡಿಗ್ರಿಗೂ ಮಿಕ್ಕು ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಗೋಡೆಯ ನೆರಳು ನಡುಹಗಲಿನಲ್ಲಿಯೂ ಉತ್ತರಕ್ಕೆ ಅದರ ಎತ್ತರದ ಮುಕ್ಕಾಲು ಪಾಲಿನಷ್ಟು ಉದ್ದ ಚಾಚುತ್ತದೆ.

ಹಳೆಯ ಒಂದಂತಸ್ತಿನ ಮನೆಗಳ ಪಕ್ಕದಲ್ಲಿ ನಾಲ್ಕೈದು ಅಂತಸ್ತುಗಳು ಏಳುತ್ತಿರುವಾಗ ಈ ಲೆಕ್ಕವು ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ. ದಕ್ಷಿಣದ ನಿವೇಶನದಲ್ಲಿ ನಮ್ಮ ತಾರಸಿಗಿಂತ 12 ಮೀಟರು ಎತ್ತರದ ಗೋಡೆ ಎದ್ದರೆ, ಡಿಸೆಂಬರಿನ ಮಧ್ಯಾಹ್ನ ಅದರ ನೆರಳು ಸುಮಾರು 9 ಮೀಟರು, ಎಂದರೆ 30 ಅಡಿ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ 30 ಅಡಿಯ ಬದಿಯು ಉತ್ತರ-ದಕ್ಷಿಣವಾಗಿದ್ದರೆ ತಾರಸಿಯು ಬಹುಪಾಲು ನೆರಳಿನಲ್ಲಿಯೇ ಇರುತ್ತದೆ. 40 ಅಡಿಯ ಬದಿಯು ಆ ದಿಕ್ಕಿನಲ್ಲಿದ್ದರೆ ಉತ್ತರದ ಅಂಚಿನಲ್ಲಿಟ್ಟ ಪೆಟ್ಟಿಗೆಗೆ ನಡುಹಗಲಿನ ಕೆಲವು ಗಂಟೆಗಳ ಬಿಸಿಲಾದರೂ ಉಳಿದೀತು. ಡಿಸೆಂಬರ್ 22ರ ಆಸುಪಾಸಿನಲ್ಲಿ ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ ಹನ್ನೆರಡೂಕಾಲರ ಸುಮಾರಿಗೆ ಅದರ ನೆರಳನ್ನು ಅಳೆದರೆ, 74 ಸೆಂಟಿಮೀಟರಿನ ಹತ್ತಿರ ಬರುವುದನ್ನು ವಿದ್ಯಾರ್ಥಿಗಳು ತಾವೇ ಕಾಣಬಹುದು.