5 × 3 ಮತ್ತು 3 × 5: ಒಂದು ನಿಯಮದ ಕಥೆ

ಗೆಳೆಯರೇ, 3 × 5 ಎಷ್ಟು? 15. 5 × 3 ಎಷ್ಟು? ಅದೂ 15. ಇದಕ್ಕೆ ಪರಿವರ್ತನೀಯ ನಿಯಮ ಎಂದು ಹೆಸರು. "ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ, ಇದಕ್ಕೂ ಒಂದು ಹೆಸರು ಯಾಕೆ?" ಎಂದು ನಮ್ಮಲ್ಲಿ ಅನೇಕರು ಕೇಳುವುದುಂಟು. ಉತ್ತರ ಬೀಜಗಣಿತದ ಚರಿತ್ರೆಯಲ್ಲಿದೆ. ಬನ್ನಿ ನೋಡೋಣ.

ಸಾಧಿಸದೆಯೇ ಒಪ್ಪಿಕೊಂಡು ಮುಂದೆ ಹೋಗುವ ಮೂಲ ಮಾತಿಗೆ ಸ್ವಯಂಸಿದ್ಧ ಎನ್ನುತ್ತಾರೆ. ರೇಖಾಗಣಿತದ ಸ್ವಯಂಸಿದ್ಧಗಳನ್ನು ಯೂಕ್ಲಿಡ್ ಸುಮಾರು ಕ್ರಿ.ಪೂ. 300ರಲ್ಲೇ ಬರೆದಿಟ್ಟಿದ್ದ. ಆದರೆ ಬೀಜಗಣಿತದಲ್ಲಿ ಆ ರೂಢಿ ಬಹಳ ಕಾಲ ಇರಲಿಲ್ಲ. ಸಂಖ್ಯೆಗೆ ನಡೆಯುವುದೆಲ್ಲ ಅಕ್ಷರಕ್ಕೂ ನಡೆಯುತ್ತದೆ ಎಂದುಕೊಂಡು ಲೆಕ್ಕ ಮಾಡುತ್ತಿದ್ದರು.

ಐರ್ಲೆಂಡ್ ದೇಶದ ಹ್ಯಾಮಿಲ್ಟನ್ ಎಂಬ ಗಣಿತಜ್ಞರು ಮೂರು ಭಾಗಗಳುಳ್ಳ ಹೊಸ ಸಂಖ್ಯೆಗಳನ್ನು ಹುಡುಕುತ್ತಿದ್ದರು. ಕೂಡುವುದು, ಕಳೆಯುವುದು ಬಂತು. ಗುಣಿಸುವುದು ಮಾತ್ರ ಬರಲಿಲ್ಲ. ಬೆಳಗಿನ ತಿಂಡಿ ಹೊತ್ತಿಗೆ ಮಕ್ಕಳು "ಗುಣಾಕಾರ ಆಯ್ತಾ?" ಎಂದು ಕೇಳುತ್ತಿದ್ದರಂತೆ. 1843ರ ಅಕ್ಟೋಬರ್ 16ರಂದು ಡಬ್ಲಿನ್ ನಗರದ ಕಾಲುವೆ ದಂಡೆಯಲ್ಲಿ ಹೆಂಡತಿಯ ಜೊತೆ ನಡೆಯುವಾಗ ಅವರಿಗೆ ದಾರಿ ಹೊಳೆಯಿತು. ಭಾಗಗಳು ಮೂರಲ್ಲ, ನಾಲ್ಕು ಬೇಕು. ಜೊತೆಗೆ ಪರಿವರ್ತನೀಯ ನಿಯಮವನ್ನೇ ಬಿಡಬೇಕು! ಅವರ ಲೆಕ್ಕದಲ್ಲಿ ಐ × ಜೆ = ಕೆ, ಆದರೆ ಜೆ × ಐ = −ಕೆ. ಸಂತೋಷ ತಡೆಯಲಾರದೆ ಸೂತ್ರವನ್ನು ಅಲ್ಲೇ ಸೇತುವೆಯ ಕಲ್ಲಿನ ಮೇಲೆ ಚಾಕುವಿನಿಂದ ಕೆತ್ತಿದರು. ಈ ಸಂಖ್ಯೆಗಳಿಗೆ ಕ್ವಾಟರ್ನಿಯನ್ ಎಂದು ಹೆಸರು.

ಹೀಗೂ ಉಂಟೇ ಎಂದು ಅನುಮಾನವೇ? ಒಂದು ಪುಸ್ತಕವನ್ನು ಮುಖಪುಟ ಮೇಲಾಗಿ, ತಲೆಭಾಗ ನಿಮ್ಮಿಂದ ಆಚೆಗಿರುವಂತೆ ಇಡಿ. ಮೊದಲು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಕಾಲು ಸುತ್ತು ತಿರುಗಿಸಿ. ಆಮೇಲೆ ಬಲದಿಂದ ಎಡಕ್ಕೆ ಮಗುಚಿ. ತಲೆಭಾಗ ಎಡಕ್ಕೆ ಬರುತ್ತದೆ. ಈಗ ಮೊದಲಿನಂತೆಯೇ ಇಟ್ಟು, ಮೊದಲು ಮಗುಚಿ, ಆಮೇಲೆ ತಿರುಗಿಸಿ. ತಲೆಭಾಗ ಬಲಕ್ಕೆ! ಮಾಡಿದ ಕೆಲಸ ಅವೇ ಎರಡು, ಕ್ರಮ ಮಾತ್ರ ಬೇರೆ. ಇಂತಹ ತಿರುಗುವಿಕೆಯನ್ನು ಲೆಕ್ಕ ಹಾಕಲು ಇಂದಿಗೂ ಕೃತಕ ಉಪಗ್ರಹಗಳಲ್ಲಿ ಕ್ವಾಟರ್ನಿಯನ್ ಬಳಸುತ್ತಾರೆ.

ಅಂದಿನಿಂದ ಗಣಿತಜ್ಞರು "ಯಾವ ಯಾವ ನಿಯಮ ಇಟ್ಟುಕೊಂಡರೆ ಏನೇನು ಸಾಧಿಸಬಹುದು?" ಎಂದು ಯೋಚಿಸತೊಡಗಿದರು. 1854ರಲ್ಲಿ ಇಂಗ್ಲೆಂಡಿನ ಕೇಲಿ ಅವರು ಗ್ರೂಪ್ ಎಂಬ ಕಲ್ಪನೆಯನ್ನು ಹೇಳಿದರು. ಮುಂದೆ ಅದರ ನಿಯಮಗಳು ನಾಲ್ಕಾಗಿ ನಿಂತವು. ಪುಸ್ತಕ ತಿರುಗಿಸುವುದರಲ್ಲಿ ನಾಲ್ಕೂ ಇವೆ: ಎರಡು ತಿರುವು ಸೇರಿದರೆ ಇನ್ನೊಂದು ತಿರುವೇ, ಸಹವರ್ತನೀಯ ನಿಯಮ ನಡೆಯುತ್ತದೆ, ತಿರುಗಿಸದೆ ಬಿಡುವುದೂ ಲೆಕ್ಕಕ್ಕುಂಟು, ಪ್ರತಿ ತಿರುವಿಗೂ ಹಿಂತಿರುವು ಉಂಟು. ಪರಿವರ್ತನೀಯ ನಿಯಮ ಈ ಪಟ್ಟಿಯಲ್ಲಿಲ್ಲ.

1921ರಲ್ಲಿ ಜರ್ಮನಿಯ ಎಮ್ಮಿ ನೋಟರ್ ಕೆಲವೇ ಸ್ವಯಂಸಿದ್ಧಗಳಿಂದ ದೊಡ್ಡ ದೊಡ್ಡ ಪ್ರಮೇಯಗಳನ್ನು ಸಾಧಿಸಿ ತೋರಿಸಿದರು. ಹೆಂಗಸು ಎಂಬ ಕಾರಣಕ್ಕೆ 1919ರವರೆಗೆ ಅವರಿಗೆ ವಿಶ್ವವಿದ್ಯಾಲಯದಲ್ಲಿ ತಮ್ಮ ಹೆಸರಿನಲ್ಲಿ ಪಾಠ ಹೇಳಲು ಬಿಟ್ಟಿರಲಿಲ್ಲ. ಅದೂ ಒಂದು ನಿಯಮವೇ ಆಗಿತ್ತು! ಅದನ್ನು ಬಿಟ್ಟಿದ್ದರಿಂದ ಗಣಿತಕ್ಕೆ ಲಾಭವೇ ಆಯಿತು.

ಆದ್ದರಿಂದ ಗೆಳೆಯರೇ, ನಿಯಮಕ್ಕೆ ಹೆಸರಿಟ್ಟರೆ ತಾನೇ ಅದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಕೇಳಲು ಸಾಧ್ಯ?

ನಿಮಗೊಂದು ಪ್ರಶ್ನೆ: ಕಳೆಯುವ ಲೆಕ್ಕದಲ್ಲಿ ಪರಿವರ್ತನೀಯ ನಿಯಮ ನಡೆಯುತ್ತದೆಯೇ? ಸಹವರ್ತನೀಯ ನಿಯಮ? 8, 3, 2 ಇಟ್ಟುಕೊಂಡು ಮಾಡಿ ನೋಡಿ, ಗಣಿತದ ಮೇಷ್ಟ್ರಿಗೆ ತೋರಿಸಿ.