ತರಗತಿಯಲ್ಲಿ ಮೇಧಾವಿ ವಿದ್ಯಾರ್ಥಿ

ಶಿಕ್ಷಕನು ಕರಿಹಲಗೆಯ ಮೇಲೆ ಲೆಕ್ಕವನ್ನು ಬರೆದು ಮುಗಿಸುವಷ್ಟರಲ್ಲಿಯೇ ಉತ್ತರವನ್ನು ಹೇಳಿಬಿಡುವ ಮಗು ಎಷ್ಟೋ ತರಗತಿಗಳಲ್ಲಿ ಇರುತ್ತದೆ. ಉಳಿದವರು ಲೆಕ್ಕ ಮಾಡುವ ತನಕ ಅದು ಸುಮ್ಮನೆ ಕುಳಿತಿದ್ದರೆ ಅದರ ಬುದ್ಧಿಗೆ ಜಡತೆ ಬರುವುದು. ಅಂಥವೇ ಇನ್ನೂ ಹತ್ತು ಲೆಕ್ಕಗಳನ್ನು ಕೊಟ್ಟರೆ, ಬೇಗ ಮುಗಿಸಿದ್ದಕ್ಕೆ ಇದು ದಂಡನೆಯೆಂದು ಭಾವಿಸಿ, ಮರುದಿನದಿಂದ ಬೇಕೆಂದೇ ನಿಧಾನಿಸುವುದು. ಹಾಗಾದರೆ ಮೂರನೆಯ ಹಾದಿ ಯಾವುದು?

ಗಣಿತಜ್ಞ ಕಾರ್ಲ್ ಫ್ರೀಡ್ರಿಕ್ ಗೌಸನು 1777ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್ ಪಟ್ಟಣದ ಬಡ ಕುಟುಂಬವೊಂದರಲ್ಲಿ ಜನಿಸಿದನು. ಅವನು ಕಲಿತದ್ದು ಮಕ್ಕಳಿಂದ ಕಿಕ್ಕಿರಿದ ಸಾಮಾನ್ಯ ಶಾಲೆಯಲ್ಲಿ. ಒಮ್ಮೆ ಶಿಕ್ಷಕ ಬ್ಯೂಟ್ನರನು ದೀರ್ಘವಾದ ಸಂಕಲನವೊಂದನ್ನು ಕೊಟ್ಟಾಗ, ಗೌಸನು ಕ್ಷಣಮಾತ್ರದಲ್ಲಿ ಉತ್ತರ ಬರೆದು ಪಾಟಿಯನ್ನು ಇಟ್ಟನಂತೆ. ಅದು 1ರಿಂದ 100ರವರೆಗಿನ ಮೊತ್ತವೆಂದು ಹೇಳುವ ವಾಡಿಕೆಯುಂಟು. 1ಕ್ಕೆ 100, 2ಕ್ಕೆ 99, ಹೀಗೆ ಕೂಡಿಸಿದರೆ ಪ್ರತಿಯೊಂದು ಜೋಡಿಯೂ 101; ಜೋಡಿಗಳು 50; ಆದುದರಿಂದ ಮೊತ್ತ 5050.

ಈ ಕಥೆಯನ್ನು ಹೇಳುವವರು ಬಾಲಕನನ್ನು ಹೊಗಳಿ ಶಿಕ್ಷಕರನ್ನು ಮರೆಯುತ್ತಾರೆ. ಬ್ಯೂಟ್ನರನು ಆ ಬಾಲಕನಿಗಾಗಿ ಹ್ಯಾಂಬರ್ಗ್ ನಗರದಿಂದ ಇನ್ನೂ ಉತ್ತಮವಾದ ಗಣಿತ ಪುಸ್ತಕವನ್ನು ತರಿಸಿದನು. ಅವನ ಸಹಾಯಕ ಬಾರ್ಟೆಲ್ಸನು ಗೌಸನಿಗಿಂತ ಎಂಟು ವರ್ಷ ಹಿರಿಯನಾದ ತರುಣ. ಅವನು ಬಾಲಕನ ಜೊತೆಯಲ್ಲಿ ಕುಳಿತು ತಾನೂ ಓದತೊಡಗಿದನು. ಮುಂದೆ ರಷ್ಯದ ಕಜಾನ್ ವಿಶ್ವವಿದ್ಯಾಲಯದಲ್ಲಿ ಲೊಬಚೆವ್‌ಸ್ಕಿಗೆ ಗಣಿತ ಕಲಿಸಿದ ಪ್ರಾಧ್ಯಾಪಕನೂ ಈ ಬಾರ್ಟೆಲ್ಸನೇ.

ಮುಂಬಯಿಯ ನಮ್ಮ ಕನ್ನಡ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಎಲ್ಲರಿಗೂ ಮನೆಯಲ್ಲಿ ಹೇಳಿಕೊಡುವವರು ಇರುವುದಿಲ್ಲ. ಅವರಿಗೆ ತರಗತಿಯೇ ಸರ್ವಸ್ವ. ಆದುದರಿಂದ ಒಂದೇ ಪಾಠವು ಎಲ್ಲರಿಗೂ ಒದಗಬೇಕು. ಉದಾಹರಣೆಗೆ, 1, 3, 5, 7 ಎಂಬ ಬೆಸಸಂಖ್ಯೆಗಳನ್ನು ಕ್ರಮವಾಗಿ ಕೂಡಿಸಲು ಹೇಳೋಣ. 1ಕ್ಕೆ 3 ಸೇರಿದರೆ 4. ಅದಕ್ಕೆ 5 ಸೇರಿದರೆ 9. 7 ಸೇರಿದರೆ 16. ಇಷ್ಟು ಇಡೀ ತರಗತಿಯ ಕೆಲಸ. ಬೇಗ ಮುಗಿಸಿದ ಮಗುವಿಗೆ ಇನ್ನೂ ಉದ್ದವಾದ ಸಂಕಲನವನ್ನು ಕೊಡಬಾರದು. "ಈ ಮೊತ್ತಗಳು ಎರಡೆರಡಲ ನಾಲ್ಕು, ಮೂರ್ಮೂರಲ ಒಂಬತ್ತು, ನಾಲ್ಕುನಾಲ್ಕಲ ಹದಿನಾರು ಎಂದೇ ಬರುವುದೇಕೆ?" ಎಂದು ಕೇಳಿ, ಒಂದು ಹಿಡಿ ಹುಣಿಸೆಬೀಜಗಳನ್ನು ಮುಂದಿಡಬೇಕು. ಒಂದು ಬೀಜದ ಬಲಕ್ಕೆ, ಕೆಳಕ್ಕೆ ಮತ್ತು ಮೂಲೆಗೆ ಒಂದೊಂದರಂತೆ ಮೂರನ್ನಿಟ್ಟರೆ ಚೌಕವಾಗುವುದು. ಅದೇ ಎರಡು ಬದಿಗಳಿಗೆ ಐದನ್ನು ಜೋಡಿಸಿದರೆ ಅದಕ್ಕಿಂತ ದೊಡ್ಡ ಚೌಕ. ಮಗು ತಾನಾಗಿ ಇದನ್ನು ಕಂಡುಕೊಂಡು ಎಲ್ಲರ ಮುಂದೆ ಜೋಡಿಸಿ ತೋರಿಸಲಿ. ಲೆಕ್ಕಕ್ಕೆ ಅಂಜುವ ಮಗುವಿಗೂ ಆಗ ಅದರ ಕಾರಣವು ಕಣ್ಣಿಗೇ ಕಾಣುವುದು.

ಆದರೆ ದಿನವೂ ಇತರರಿಗೆ ಹೇಳಿಕೊಡುವ ಕೆಲಸಕ್ಕೇ ಆ ಮಗುವನ್ನು ಹಚ್ಚಬಾರದು; ಅದೂ ಕಲಿಯಲೆಂದೇ ಶಾಲೆಗೆ ಬಂದಿದೆ. ಅದರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲದಿದ್ದರೆ, "ನನಗೂ ತಿಳಿಯದು, ಕೂಡಿಯೇ ನೋಡೋಣ" ಎನ್ನಲು ಶಿಕ್ಷಕರಾದ ನಾವು ನಾಚಬೇಕಾಗಿಲ್ಲ. ಬಾರ್ಟೆಲ್ಸನೂ ಬಾಲಕನ ಜೊತೆಯಲ್ಲಿ ವಿದ್ಯಾರ್ಥಿಯೇ ಆಗಿದ್ದನು.