ಜ್ವರ ಬಿಟ್ಟ ಮೇಲೆ ಉಳಿಯುವ ನೋವು

ವೈರಸ್ ಕಾಯಿಲೆಯಿಂದ ಚೇತರಿಸಿಕೊಳ್ಳುವ ಬಗೆ ಹೆಂಗಸರಲ್ಲಿ ಮತ್ತು ಗಂಡಸರಲ್ಲಿ ಒಂದೇ ತೆರನಾಗಿರುವುದಿಲ್ಲ. ಕೋವಿಡ್‌ನಲ್ಲಿ ಪ್ರಾಣಾಪಾಯ ಹೆಚ್ಚಾಗಿದ್ದದ್ದು ಗಂಡಸರಿಗೆ. ತಿಂಗಳುಗಟ್ಟಲೆ ಬಿಡದೆ ಕಾಡುವ ಸುಸ್ತು ಮತ್ತು ನೋವು ಹೆಚ್ಚಾಗಿ ಕಂಡದ್ದು ಹೆಂಗಸರಲ್ಲಿ. ಚಿಕೂನ್‌ಗುನ್ಯಾದಲ್ಲೂ ದೀರ್ಘಕಾಲದ ಕೀಲುನೋವು ಹೆಂಗಸರನ್ನೇ ಹೆಚ್ಚು ಹಿಡಿಯುತ್ತದೆ. ಕೊಯಮತ್ತೂರು ಜಿಲ್ಲೆಯಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರ ಕುಟುಂಬವೊಂದು ಈ ಎರಡೂ ಕಾಯಿಲೆಗಳನ್ನು ಕಂಡಿತು. ಮುಂದಿನ ಪಾಠಗಳು ಆ ಮನೆಯ ಸೊಸೆಯಾದ ಲೇಖಕಿ ಕಲಿತವು.

ಚಿಕೂನ್‌ಗುನ್ಯಾ ವೈರಸ್ ಮೊದಲು ಪತ್ತೆಯಾದದ್ದು 1952–53ರಲ್ಲಿ, ಇಂದಿನ ಟಾಂಜಾನಿಯಾದಲ್ಲಿ. ಭಾರತದಲ್ಲಿ 1963ರಲ್ಲಿ ಕೋಲ್ಕತ್ತದಲ್ಲಿ ಕಾಣಿಸಿಕೊಂಡ ಈ ಕಾಯಿಲೆ 1973ರ ನಂತರ ಮೂರು ದಶಕ ಹೆಚ್ಚೂಕಡಿಮೆ ಮರೆಯಾಗಿ, 2005ರ ಕೊನೆಯಲ್ಲಿ ಮರಳಿತು. 2006ರಲ್ಲಿ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷ ಕರ್ನಾಟಕದವು. ತಮಿಳುನಾಡಿನವು ಸುಮಾರು 65,000. ಇದನ್ನು ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಮನೆಯ ಡ್ರಮ್ಮು, ತೊಟ್ಟಿಗಳಲ್ಲಿ ಶೇಖರಿಸಿದ ನೀರಿನಲ್ಲಿ ಮೊಟ್ಟೆಯಿಡುತ್ತದೆ.

ಜ್ವರ ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಬೆರಳು, ಮಣಿಕಟ್ಟು, ಮೊಣಕಾಲು, ಪಾದದ ಕೀಲುಗಳ ನೋವು ಹಾಗೆ ಬೇಗ ಹೋಗುವುದಿಲ್ಲ. ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ಹಂತ ಎನ್ನುತ್ತಾರೆ. ನಲವತ್ತು ದಾಟಿದ ವಯಸ್ಸು, ಮೊದಲ ದಿನಗಳ ತೀವ್ರ ನೋವು, ಮೊದಲೇ ಇದ್ದ ಕೀಲಿನ ತೊಂದರೆ ಮತ್ತು ಹೆಣ್ಣಾಗಿರುವುದು, ಈ ನಾಲ್ಕೂ ಅಪಾಯವನ್ನು ಹೆಚ್ಚಿಸುತ್ತವೆ.

ಮಗ್ಗದ ಮನೆಯಲ್ಲಿ ಈ ಕೀಲುಗಳೇ ಬಂಡವಾಳ. ಕುಣಿಮಗ್ಗದಲ್ಲಿ ಕೂತವರು ಕಾಲಲ್ಲಿ ಹಲಗೆ ತುಳಿಯುತ್ತ ಕೈಯಲ್ಲಿ ಲಾಳಿ ಓಡಿಸಬೇಕು; ಕಂಡಿಕೆ ಸುತ್ತುವವರ ಬೆರಳಿಗೆ ಬಿಡುವಿಲ್ಲ. ಲೇಖಕಿಯ ಮನೆಯಲ್ಲಿ ಚಿಕೂನ್‌ಗುನ್ಯಾ ಜ್ವರ ಬಂದದ್ದು ಗಂಡ ಹೆಂಡತಿ ಇಬ್ಬರಿಗೂ. ಗಂಡ ಮಗ್ಗಕ್ಕೆ ಮರಳಿದ ಬಹುಕಾಲದ ನಂತರವೂ ಹೆಂಡತಿಗೆ ಬೆಳಗಿನ ಹೊತ್ತು ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಹಿಟ್ಟು ನಾದುವುದು, ಬಟ್ಟೆ ಹಿಂಡುವುದು ಕಂಡಿಕೆ ಸುತ್ತುವುದಕ್ಕಿಂತ ಕಷ್ಟವಾಗಿತ್ತು. ಜ್ವರಮಾಪಕ ಇಬ್ಬರಲ್ಲೂ ಒಂದೇ ಅಂಕಿ ತೋರಿಸುತ್ತಿತ್ತು. ಚೇತರಿಕೆಯನ್ನು ಅಳೆಯಬೇಕಾದದ್ದು ಕೈಲಾಗುವ ಕೆಲಸದಿಂದ ಎಂಬುದು ಮೊದಲ ಪಾಠ.

ಈ ವ್ಯತ್ಯಾಸಕ್ಕೆ ದೇಹದೊಳಗಿನ ಕಾರಣಗಳುಂಟು. ವೈರಸ್‌ಗೆ ಹೆಣ್ಣಿನ ರೋಗನಿರೋಧಕ ವ್ಯವಸ್ಥೆ ಸಾಮಾನ್ಯವಾಗಿ ಹೆಚ್ಚು ಬಿರುಸಾಗಿ ಪ್ರತಿಕ್ರಿಯಿಸುತ್ತದೆ. ವೈರಸ್‌ನ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್‌7 ಎಂಬ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಣ್ಣಿನ ಎರಡು ಎಕ್ಸ್‌ಗಳಲ್ಲಿ ಒಂದು ಬಹುಪಾಲು ನಿಷ್ಕ್ರಿಯವಾದರೂ, ಕೆಲವು ಜೀವಕೋಶಗಳಲ್ಲಿ ಈ ಜೀನಿನ ಎರಡೂ ಪ್ರತಿಗಳು ಕೆಲಸ ಮಾಡುತ್ತವೆ. ಈ ಬಿರುಸು ಸೋಂಕನ್ನು ಎದುರಿಸಲು ನೆರವಾಗುತ್ತದೆ. ಅದು ತಣಿಯದೆ ಉಳಿದರೆ ಉರಿಯೂತವೂ ಉಳಿಯುತ್ತದೆ. ರುಮಟಾಯ್ಡ್ ಸಂಧಿವಾತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚಾಗಿರುವುದರ ಹಿಂದೆಯೂ ಇಂಥ ಕಾರಣಗಳಿವೆ. ಹಾರ್ಮೋನುಗಳ ಪಾತ್ರವೂ ಇದೆ.

2021ರ ಮೇ ಕೊನೆಗೆ ಕೊಯಮತ್ತೂರಿನ ದಿನದ ಕೋವಿಡ್ ಪ್ರಕರಣಗಳು ಚೆನ್ನೈಯನ್ನೂ ಮೀರಿದ್ದವು. ಅಂದು ಎಲ್ಲರ ಗಮನ ಆಮ್ಲಜನಕ ಮತ್ತು ಹಾಸಿಗೆಯ ಮೇಲಿತ್ತು. ಉಳಿದ ತೊಂದರೆಯ ಲೆಕ್ಕ ಆಮೇಲೆ ಬಂತು. 2022ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಂದಾಜಿನಂತೆ, ಲಕ್ಷಣಸಹಿತ ಸೋಂಕಾದ ಮೂರು ತಿಂಗಳ ಮೇಲೆ, ಇಪ್ಪತ್ತು ದಾಟಿದ ಹೆಂಗಸರಲ್ಲಿ ಶೇ. 10.6 ಮಂದಿಗೂ ಗಂಡಸರಲ್ಲಿ ಶೇ. 5.4 ಮಂದಿಗೂ ತೀವ್ರ ಸುಸ್ತು, ಉಸಿರಿನ ತೊಂದರೆ ಅಥವಾ ಮಂಕುತನದಂಥ ಲಕ್ಷಣಗಳಿದ್ದವು. ಇವು ಗುಂಪಿನ ಸರಾಸರಿಗಳು. ಗಂಡಸರ ನೋವನ್ನು ಅಲ್ಲಗಳೆಯಲು ಇವನ್ನು ಬಳಸಬಾರದು.

ದೇಹದ ಕಾರಣಕ್ಕೆ ಮನೆಯ ಕಾರಣವೂ ಸೇರಿಕೊಳ್ಳುತ್ತದೆ. ಗಂಡಸು ಮಗ್ಗ ನಿಲ್ಲಿಸಿದರೆ ಅದು ರಜೆ ಎಂದು ಎಲ್ಲರಿಗೂ ತಿಳಿಯುತ್ತದೆ. ಅಡುಗೆ, ನೀರು, ಕಸಮುಸುರೆಗೆ ಅಂಥ ರಜೆಯಿಲ್ಲ. ಜೊತೆಗೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 25 ಮಂದಿಗೆ ರಕ್ತಹೀನತೆ ಇತ್ತು. ಹೀಗಾಗಿ ಸುಸ್ತನ್ನೆಲ್ಲ ಹಳೆಯ ಜ್ವರದ ತಲೆಗೆ ಕಟ್ಟದೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಕೀಲು ಊದಿಕೊಂಡೇ ಇದ್ದರೆ ರುಮಟಾಯ್ಡ್ ಸಂಧಿವಾತದ ಪರೀಕ್ಷೆಯೂ ಆಗಬೇಕು. ಇದು ಎರಡನೆಯ ಪಾಠ.

ಮೂರನೆಯದು ಔಷಧಿಯ ವಿಷಯ. ಚಿಕೂನ್‌ಗುನ್ಯಾ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಜ್ವರದ ದಿನಗಳಲ್ಲಿ ಪ್ಯಾರಸಿಟಮಾಲ್ ಸಾಕು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್ನಿನಂಥ ನೋವಿನ ಮಾತ್ರೆ ನುಂಗಿದರೆ ರಕ್ತಸ್ರಾವದ ಅಪಾಯವಿದೆ. ಸಂಧಿವಾತವಾಗಿ ಉಳಿದವರಿಗೆ ಕೀಲುರೋಗ ತಜ್ಞರು ಹೈಡ್ರಾಕ್ಸಿಕ್ಲೋರೋಕ್ವಿನ್ ಅಥವಾ ಮೆಥೋಟ್ರೆಕ್ಸೇಟ್ ಕೊಡುವುದುಂಟು. ಅಂಗಡಿಯಿಂದ ತಾವೇ ತಂದು ತಿನ್ನುವ ಸ್ಟಿರಾಯ್ಡ್ ಇದಕ್ಕೆ ಬದಲಿಯಲ್ಲ.

ಕೊನೆಯದು ಕೆಲಸದ ಹಂಚಿಕೆ. ಚಿಕೂನ್‌ಗುನ್ಯಾದ ಬಿಗಿತಕ್ಕೆ ಹಗುರ ವ್ಯಾಯಾಮ ಒಳ್ಳೆಯದು. ಕೋವಿಡ್ ನಂತರ ಕೆಲಸ ಮಾಡಿದ ಮಾರನೆಯ ದಿನ ಸುಸ್ತು ಹೆಚ್ಚುವವರಿಗೆ ಹಟದ ವ್ಯಾಯಾಮ ಕೆಡುಕು. ಅವರು ಕೆಲಸವನ್ನು ತುಂಡು ಮಾಡಿ, ನಡುವೆ ವಿಶ್ರಾಂತಿ ಪಡೆಯಬೇಕು. 2021ರ ಆಗಸ್ಟ್‌ನಲ್ಲಿ ಶುರುವಾದ ತಮಿಳುನಾಡು ಸರ್ಕಾರದ, ಮನೆಬಾಗಿಲಿಗೆ ಚಿಕಿತ್ಸೆ ತರುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಫಿಸಿಯೋಥೆರಪಿಯೂ ಸೇರಿದೆ. ಆ ಯೋಜನೆಯವರು ಬಾಗಿಲಿಗೆ ಬಂದಾಗ ಎಷ್ಟು ಹೊತ್ತು ಬೆರಳು ಬಿಗಿದಿರುತ್ತದೆ, ಯಾವ ಕೆಲಸ ನಿಂತಿದೆ ಎಂದು ಲೆಕ್ಕವಿಟ್ಟು ಹೇಳಿದರೆ ನೆರವು ಬೇಗ ಸಿಗುತ್ತದೆ.